ಮೂರು ಚಮಚ ಮೈದಾ

ನನ್ನ ತಮ್ಮ ಮೂವತ್ತೊಂದು ವರ್ಷ ಈ ಪೇಟೆಯ ತಕ್ಕಡಿಗಳನ್ನು ರಿಪೇರಿ ಮಾಡಿದ. ಆಮೇಲೆ ಒಂದು ದಿನ ಬಿಟ್ಟುಬಿಟ್ಟ. ಯಾಕೆ ಬಿಟ್ಟ ಎಂದು ಹಳೆಯ ಅಂಗಡಿಯವರನ್ನು ಕೇಳಿದರೆ, “ಪಾಪ, ಸಕ್ಕರೆ ಕಾಯಿಲೆ” ಅನ್ನುತ್ತಾರೆ. ಕಾಯಿಲೆ ಅವನಿಗೆ ಹತ್ತೊಂಬತ್ತನೇ ವಯಸ್ಸಿನಿಂದ ಇತ್ತು. ಅದು ಅವನ ಕೆಲಸವನ್ನು ಕಿತ್ತುಕೊಳ್ಳಲಿಲ್ಲ. ಕಿತ್ತುಕೊಂಡವಳು ನಾನು, ಅವನ ಒಡಹುಟ್ಟಿದ ಅಕ್ಕ.

ಪೇಟೆಯಲ್ಲಿ ಅವನನ್ನು ಎಲ್ಲರೂ ಗುಂಜಿ ಅಂತಲೇ ಕರೆಯುತ್ತಿದ್ದರು. ತೂಕದಲ್ಲಿ ಒಂದು ಗುಂಜಿ ಕಾಳಿನಷ್ಟೂ ಹೆಚ್ಚುಕಮ್ಮಿ ಆಗಬಾರದು ಎಂದು ಅಂಗಡಿಯವರ ತಲೆ ತಿನ್ನುತ್ತಿದ್ದ, ಅದಕ್ಕೆ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವನದೊಂದು ಕೋಣೆ. ಇಬ್ಬರು ಒಟ್ಟಿಗೆ ಒಳಗೆ ಬಂದರೆ ಒಬ್ಬರು ಮೇಜಿನ ಮೇಲೆ ಕೂರಬೇಕು, ಅಷ್ಟು ಅಗಲ. ಗೋಡೆಯ ತುಂಬ ಗಡಿಯಾರದ ಮುಖದಂಥ ತಕ್ಕಡಿಗಳು, ಕೆಲವಕ್ಕೆ ಮುಳ್ಳಿಲ್ಲ, ಕೆಲವಕ್ಕೆ ಗಾಜಿಲ್ಲ. ಮೇಜಿನ ಮೇಲೆ ಒಂದು ಮರದ ಪೆಟ್ಟಿಗೆ. ಒಳಗೆ ಮಖಮಲ್ಲಿನ ಗುಳಿಗಳಲ್ಲಿ ಹಿತ್ತಾಳೆಯ ತೂಕದ ಬಟ್ಟುಗಳು, ಒಂದು ಗ್ರಾಮಿನಿಂದ ಎರಡು ಕಿಲೋವರೆಗೆ. ಅವನ್ನು ಬರಿಗೈಯಲ್ಲಿ ಮುಟ್ಟಿದರೆ ಮುಗಿಯಿತು. ಬೆರಳ ಬೆವರು ಅಂಟಿಕೊಂಡರೂ ತೂಕ ಬದಲಾಗುತ್ತದಂತೆ. ತಕ್ಕಡಿ ಸರಿಯಾದ ಮೇಲೆ ಅದರ ಹಿಂದಿನ ತಿರುಪಿಗೆ ತಂತಿ ಸುತ್ತಿ, ಸೀಸದ ಪುಟ್ಟ ಬಿಲ್ಲೆ ಇಟ್ಟು, ಇಕ್ಕಳದಿಂದ ಒತ್ತುತ್ತಿದ್ದ. ಸೀಸದ ಮೇಲೆ ಅವನ ಗುರುತು ಮೂಡುತ್ತಿತ್ತು. ಆ ಮುದ್ರೆ ಇದ್ದರೆ ಗಿರಾಕಿ ತಕರಾರು ಎತ್ತುತ್ತಿರಲಿಲ್ಲ.

ನಾನು ಅದಕ್ಕೆ ಪೂರಾ ಉಲ್ಟಾ. ಇಪ್ಪತ್ತಾರು ವರ್ಷ ಹುಡುಗಿಯರ ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡಿದವಳು. ಇನ್ನೂರ ನಲವತ್ತು ತಟ್ಟೆಗೆ ಉಪ್ಪು ಹಾಕುವಾಗ ಯಾವ ತಕ್ಕಡಿಯೂ ಬೇಕಾಗಿರಲಿಲ್ಲ. ಗಂಡ ಹೋದ ಮೇಲೆ, ಮಕ್ಕಳಿಲ್ಲದವಳು, ತಮ್ಮನ ಮನೆಗೆ ಬಂದೆ. ಅವನು ಮದುವೆಯಾಗಿರಲಿಲ್ಲ. ಕೇಳಿದರೆ, “ಇನ್ಸುಲಿನ್ ಜೊತೆ ಆಗೋಗಿದೆಯಲ್ಲ ಅಕ್ಕ, ಇನ್ನೊಂದು ಯಾಕೆ?” ಅನ್ನುತ್ತಿದ್ದ.

ಅವನಿಗೆ ಐವತ್ತೆರಡು ಆದಾಗ ಕಣ್ಣಿನ ಡಾಕ್ಟರು ಕಣ್ಣಿನ ಹಿಂಭಾಗದಲ್ಲಿ ಚುಕ್ಕೆ ಚುಕ್ಕೆ ರಕ್ತ ಒಸರಿದೆ ಎಂದರು. ಸಕ್ಕರೆ ಹೀಗೇ ಏರಿಳಿಯುತ್ತಿದ್ದರೆ ಕಣ್ಣು ಉಳಿಯುವುದು ಕಷ್ಟ ಅಂದರು. ಆವತ್ತು ಪೆಟ್ಟಿಗೆಯನ್ನು ಮನೆಗೇ ತಂದು, ತುಂಬ ಹೊತ್ತು ಬಟ್ಟುಗಳನ್ನು ಒರೆಸುತ್ತ ಕೂತಿದ್ದ. ಕಣ್ಣು ಹೋದರೆ ಮುಳ್ಳು ಎಲ್ಲಿ ನಿಂತಿದೆ ಎಂದು ಯಾರು ಹೇಳಬೇಕು?

ಅವನ ಸಕ್ಕರೆ ನೋಡುವ ಡಾಕ್ಟರಮ್ಮ ಆಗ ಒಂದು ದಾರಿ ಹೇಳಿದರು. ಅನ್ನ, ಬ್ರೆಡ್ಡು, ಆಲೂಗಡ್ಡೆ, ಸಿಹಿ, ಹಣ್ಣಿನ ರಸ, ಎಲ್ಲ ಬಹುಪಾಲು ಬಿಡುವುದು. ಮೊಟ್ಟೆ, ಮೀನು, ಕೋಳಿ, ಸೊಪ್ಪು, ಎಲೆಕೋಸು, ಬೆಣ್ಣೆ, ಬಾದಾಮಿ ತಿನ್ನುವುದು. ಸಕ್ಕರೆಯಾಗುವ ಪದಾರ್ಥ ಕಡಿಮೆ ಹೋದರೆ ಇನ್ಸುಲಿನ್ನೂ ಕಡಿಮೆ ಸಾಕು. ಇನ್ಸುಲಿನ್ ಕಡಿಮೆಯಾದರೆ ಲೆಕ್ಕ ತಪ್ಪಿದರೂ ಸಣ್ಣದಾಗಿ ತಪ್ಪುತ್ತದೆ. “ಆದ್ರೆ ಇದು ಎಲ್ಲರಿಗೂ ಆಗಿಬರಲ್ಲ,” ಅಂದರು. “ನನ್ನ ಕೇಳದೆ ಒಂದು ಯೂನಿಟ್ಟೂ ಬದಲಾಯಿಸಬೇಡಿ. ಏನು ತಿಂದ್ರಿ, ಎಷ್ಟು ತಿಂದ್ರಿ, ಸಕ್ಕರೆ ಎಷ್ಟಿತ್ತು, ಎಲ್ಲ ಬರೆದಿಡಿ. ತೂಕ ಮಾಡಿ ತಿನ್ನಿ.”

ತೂಕ ಮಾಡಿ ತಿನ್ನಿ ಎಂದು ನನ್ನ ತಮ್ಮನಿಗೆ ಹೇಳಿದರು! ಅವನಿಗೆ ಹಬ್ಬವಾಯಿತು. ಮಾರನೆಯ ದಿನವೇ ಅಡುಗೆಮನೆಯಲ್ಲಿ ಒಂದು ಪುಟ್ಟ ತಕ್ಕಡಿ ಬಂದು ಕೂತಿತು. ಎಲೆಕೋಸು ನೂರ ಇಪ್ಪತ್ತು ಗ್ರಾಂ, ಈರುಳ್ಳಿ ಹದಿನೈದು ಗ್ರಾಂ. ನಾನು ಒಂದು ಎಳೆ ಈರುಳ್ಳಿ ಹೆಚ್ಚು ಹಾಕಿದರೆ ಚಿಮಟದಿಂದ ಎತ್ತಿ ಬದಿಗಿಡುತ್ತಿದ್ದ. ನನ್ನ ಕೋಪ ಮೂಗಿನ ತುದಿಯಲ್ಲೇ ಇರುವಂಥದ್ದು. “ನಿನ್ನ ಅಕ್ಕ ಅಡುಗೆ ಮಾಡ್ತಿದಾಳೋ, ಚಿನ್ನ ಮಾರ್ತಿದಾಳೋ?” ಎಂದು ಸೌಟು ಕುಕ್ಕುತ್ತಿದ್ದೆ. ಅವನು ನಗುತ್ತಿದ್ದ.

ಮೂರು ತಿಂಗಳಲ್ಲಿ ಅವನ ಸಕ್ಕರೆ ಹದಕ್ಕೆ ಬಂತು. ಮೊದಲು ಎಂಬತ್ತರಿಂದ ಮುನ್ನೂರಕ್ಕೆ ಜಿಗಿಯುತ್ತಿದ್ದದ್ದು ಈಗ ನೂರು, ನೂರ ಹತ್ತು, ನೂರ ಇಪ್ಪತ್ತು. ಊಟದ ಇನ್ಸುಲಿನ್ ಒಂಬತ್ತು ಯೂನಿಟ್ಟಿನಿಂದ ಎರಡಕ್ಕೆ ಇಳಿಯಿತು. ನೋಟುಪುಸ್ತಕವನ್ನು ಶಾಲೆಯ ಮಕ್ಕಳು ಅಂಕಪಟ್ಟಿ ತೋರಿಸುವ ಹಾಗೆ ತೋರಿಸುತ್ತಿದ್ದ. “ಮುಳ್ಳು ನೆಟ್ಟಗೆ ನಿಂತಿದೆ ನೋಡು ಅಕ್ಕ.” ಜೀವನದಲ್ಲಿ ಮೊದಲ ಸಲ ಅವನ ದೇಹ ಅವನ ಮಾತು ಕೇಳುತ್ತಿತ್ತು. ಆದರೆ ಸೊರಗಿದ. ಪ್ಯಾಂಟಿನ ಬೆಲ್ಟಿಗೆ ಹೊಸದಾಗಿ ಎರಡು ತೂತು ಹೊಡೆದ. ಕೆನ್ನೆಯ ಮೂಳೆ ಕಾಣತೊಡಗಿತು. ಡಾಕ್ಟರಮ್ಮ, ಸ್ವಲ್ಪ ದಿನ ಹೀಗೆ, ಆಮೇಲೆ ನಿಲ್ಲುತ್ತದೆ ಎಂದಿದ್ದರು. ನಿಲ್ಲಲು ಶುರುವೂ ಆಗಿತ್ತು. ನನಗೆ ತಾಳ್ಮೆ ಇರಲಿಲ್ಲ.

ಎದುರುಮನೆಯ ಟೈಲರಮ್ಮ ಅವನ ಅಂಗಿಯನ್ನು ಬಿಗಿ ಮಾಡಿ ಕೊಡುವಾಗ ಒಂದು ಮಾತು ಅಂದಳು: “ಅಕ್ಕಾ, ಇನ್ನೂರು ಮಕ್ಕಳ ಹೊಟ್ಟೆ ತುಂಬಿಸಿದ ಕೈ, ಮನೇಲಿ ಒಬ್ಬ ತಮ್ಮನ ಹೊಟ್ಟೆಗೆ ಹಾಕ್ತಿಲ್ವಾ?” ನಕ್ಕೇ ಅಂದಳು. ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ತಮ್ಮನ ಮೇಲಿನ ಅಕ್ಕರೆಯಿಂದಲೇ ಎಲ್ಲ ಮಾಡಿದೆ ಎಂದು ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡಿದ್ದೇನೆ. ಈಗ ಈ ವಯಸ್ಸಿನಲ್ಲಿ ಯಾರ ಮುಂದೆ ನಾಟಕ? ಅದು ಅಕ್ಕರೆ ಅಲ್ಲ, ನನ್ನ ಕೈರುಚಿಯ ಜಂಬ. ನನ್ನ ಅಡುಗೆ ಉಂಡವನು ಸೊರಗಿದ ಎಂದು ಊರು ಅನ್ನಬಾರದು, ಅಷ್ಟೇ.

ಅವನು ಮಧ್ಯಾಹ್ನ, ರಾತ್ರಿ ಎರಡು ಹೊತ್ತೂ ಕೋಳಿ ಸೂಪು ಕುಡಿಯುತ್ತಿದ್ದ. ಅದರಲ್ಲಿ ಬೀಳುವ ತರಕಾರಿ, ಮಾಂಸ ತೂಗುತ್ತಿದ್ದ. ಬೆಂದ ಸೂಪನ್ನು ತೂಗುತ್ತಿರಲಿಲ್ಲ. ಹಾಸ್ಟೆಲ್ಲಿನಲ್ಲಿ ಸೂಪು ನೀರಾದಾಗ ನಾವು ಮಾಡುವ ಉಪಾಯ ಒಂದಿತ್ತು. ಬೆಣ್ಣೆಯಲ್ಲಿ ಮೈದಾ ಹಿಟ್ಟನ್ನು ಬಣ್ಣ ತಿರುಗದ ಹಾಗೆ ಹುರಿದು ಸೂಪಿಗೆ ಕದಡುವುದು. ಹಸಿವಾಸನೆ ಇರುವುದಿಲ್ಲ, ಗಂಟಿರುವುದಿಲ್ಲ, ನಾಲಿಗೆಗೆ ಮೆತ್ತಗೆ ತಾಗುತ್ತದೆ. ಅವನ ಬಟ್ಟಲಿಗೆ ಒಂದು ಚಮಚ ಹಾಕಿದೆ. ಒಂದು ಚಮಚದಿಂದ ಏನಾಗುತ್ತದೆ ಎಂದುಕೊಂಡೆ.

ಕುಡಿದು ಅವನು ತಲೆಯೆತ್ತಿದ. “ಅಕ್ಕ, ಇವತ್ತು ಸೂಪು ಎಷ್ಟು ಚೆನ್ನಾಗಿದೆ!”

ಅವನ ಬಾಯಲ್ಲಿ ಊಟದ ಬಗ್ಗೆ ಒಳ್ಳೆಯ ಮಾತು ಕೇಳಿ ಎಷ್ಟೋ ತಿಂಗಳಾಗಿತ್ತು. ಮಾರನೆಯ ವಾರ ಎರಡು ಚಮಚವಾಯಿತು, ಆಮೇಲೆ ಮೂರು. ಅವನ ಕೆನ್ನೆ ತುಂಬಿದ ಹಾಗೆ ಕಂಡಿತು. ಟೈಲರಮ್ಮನ ಮನೆಯ ಮುಂದೆ ತಲೆಯೆತ್ತಿ ನಡೆದೆ.

ನೋಟುಪುಸ್ತಕದ ಅಂಕಿಗಳು ಏರತೊಡಗಿದವು. ನೂರ ಎಂಬತ್ತು. ಇನ್ನೂರ ಇಪ್ಪತ್ತು. ಅವನಿಗೆ ನಿದ್ದೆ ಹಾರಿಹೋಯಿತು. ಮೊದಲು ಸಕ್ಕರೆ ನೋಡುವ ಯಂತ್ರ ಕೆಟ್ಟಿದೆ ಎಂದು ಹೊಸದು ತಂದ. ಆಮೇಲೆ ಇನ್ಸುಲಿನ್ ಶೀಶೆ ಬಿಸಿಲಿಗೆ ಹಾಳಾಗಿರಬೇಕು ಎಂದು ಬದಲಾಯಿಸಿದ. ಅಡುಗೆಮನೆಯ ತಕ್ಕಡಿಯನ್ನು ಬಿಚ್ಚಿ, ಹಿತ್ತಾಳೆಯ ಬಟ್ಟು ಒಂದೊಂದೇ ಇಟ್ಟು ಪರೀಕ್ಷಿಸಿದ. ಎಲ್ಲ ಸರಿಯಾಗಿತ್ತು. ಕೊನೆಗೆ ನನ್ನ ಹತ್ತಿರ ಬಂದು, ಬೇಸರವಾದೀತೆಂದು ಮೆಲ್ಲಗೆ ಕೇಳಿದ: “ಅಕ್ಕ, ಸೂಪಿಗೆ ಬೇರೆ ಏನಾದ್ರೂ ಹಾಕ್ತೀಯಾ?”

“ಉಪ್ಪು ಹಾಕ್ತೀನಿ. ಅದೂ ಬೇಡ್ವಾ?”

ಆ ಮಾತು ಎಷ್ಟು ಸಲೀಸಾಗಿ ಬಂತು ಎಂದರೆ ಇವತ್ತಿಗೂ ನನಗೆ ನನ್ನ ಬಾಯಿಯ ಮೇಲೆ ಅಸಹ್ಯ. ಅವನು ನಕ್ಕು, “ಸಿಟ್ಟಾಗ್ಬೇಡ ಮಾರಾಯ್ತಿ, ಸುಮ್ನೆ ಕೇಳ್ದೆ,” ಎಂದು ಹೊರಟುಹೋದ. ಡಾಕ್ಟರಮ್ಮ ಪುಸ್ತಕ ನೋಡಿ ಊಟದ ಇನ್ಸುಲಿನ್ನನ್ನು ಎರಡರಿಂದ ಮೂರು, ಮೂರರಿಂದ ಐದಕ್ಕೆ ಏರಿಸಿದರು. ಅಂಕಿಗಳು ಮತ್ತೆ ಹದಕ್ಕೆ ಬಂದವು. ಸದ್ಯ, ನನ್ನ ಹಿಟ್ಟೂ ಹೊಟ್ಟೆ ಸೇರಿತು, ಸಕ್ಕರೆಯೂ ನಿಂತಿತು ಎಂದು ನಾನು ಒಳಗೊಳಗೇ ಹಿಗ್ಗಿದೆ. ಆ ಐದು ಯೂನಿಟ್ಟು ನನ್ನ ಹಿಟ್ಟನ್ನೂ ಸೇರಿಸಿ ಲೆಕ್ಕ ಕಟ್ಟಿದ್ದು, ಹಿಟ್ಟಿಲ್ಲದ ದಿನ ಅದು ಏನು ಮಾಡುತ್ತದೆ ಎಂದು ಯೋಚಿಸುವಷ್ಟು ಬುದ್ಧಿ ನನಗಿರಲಿಲ್ಲ.

ಆ ದಿನವೂ ಬಂತು. ಹಾಸ್ಟೆಲ್ಲಿನ ಹಳೆಯ ವಾರ್ಡನ್ ಹಾಸಿಗೆ ಹಿಡಿದಿದ್ದಾಳೆ, ನೋಡಬೇಕಂತೆ ಎಂದು ಸುದ್ದಿ ಬಂದು, ಎರಡು ದಿನಕ್ಕೆಂದು ನಾನು ಪಕ್ಕದ ಊರಿಗೆ ಹೊರಟೆ. ಬಸ್ಸಿನ ಅವಸರ. “ಸೂಪು ನೀನೇ ಮಾಡ್ಕೋ, ಎಲ್ಲ ಹೆಚ್ಚಿಟ್ಟಿದೀನಿ,” ಎಂದೆ. ಮಧ್ಯಾಹ್ನ ಅವನು ತೂಕ ಮಾಡಿಯೇ ಸೂಪು ಮಾಡಿಕೊಂಡ. ಐದು ಯೂನಿಟ್ಟು ಚುಚ್ಚಿಕೊಂಡ. ಕುಡಿದು, ಚೀಲ ಹೆಗಲಿಗೇರಿಸಿ ಮೀನುಪೇಟೆಗೆ ಹೋದ.

ಮುಂದಿನದು ನಾನು ಕಂಡದ್ದಲ್ಲ, ಮೀನು ಮಾರುವವಳು ಹೇಳಿದ್ದು. ಅವಳ ತಕ್ಕಡಿಯ ಮುಳ್ಳು ಅಂಟಿಕೊಳ್ಳುತ್ತಿತ್ತು. ಇವನು ಕೂತು ಬಿಚ್ಚಿದ, ಶುಚಿ ಮಾಡಿದ, ತಿರುಪು ತಿರುಗಿಸಿದ. ಯಾವಾಗಲೂ ಮಾತಾಡುತ್ತ ಕೆಲಸ ಮಾಡುವವನು ಆವತ್ತು ಮೌನ. ಹಣೆಯಿಂದ ಬೆವರು ತಟತಟ ಬೀಳುತ್ತಿತ್ತು. ಮುದ್ರೆ ಒತ್ತಿದ. ಎದ್ದು ನಿಂತು, “ಮನೆ ಯಾವ ಕಡೆ?” ಎಂದು ಕೇಳಿದನಂತೆ. ಹಾಗೇ ಐಸ್ ಪೆಟ್ಟಿಗೆಯ ಮೇಲೆ ಕುಸಿದ. ಜೇಬಿನಲ್ಲಿ ಗ್ಲೂಕೋಸ್ ಬಿಲ್ಲೆಗಳಿದ್ದವು. ಅವನ್ನು ತಿನ್ನಬೇಕೆಂಬ ಅರಿವೇ ಅಷ್ಟು ಹೊತ್ತಿಗೆ ಉಳಿದಿರಲಿಲ್ಲ. ಸುತ್ತ ನಿಂತವರು ಕುಡಿದಿದ್ದಾನೆ ಅಂದರು. ಅವಳು ಅವರಿಗೆಲ್ಲ ಬೈದು, ಪಕ್ಕದ ಚಹಾ ಅಂಗಡಿಯಿಂದ ಸಕ್ಕರೆ ತಂದು ತುಟಿಯೊಳಗೆ ತಿಕ್ಕುತ್ತ ಆಂಬುಲೆನ್ಸ್ ಕರೆಸಿದಳು. ಅವಳ ಅಪ್ಪನಿಗೂ ಇದೇ ಕಾಯಿಲೆ ಇತ್ತಂತೆ.

ನಾನು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅವನಿಗೆ ಪ್ರಜ್ಞೆ ಬಂದಿತ್ತು. ಡಾಕ್ಟರಮ್ಮ ಕೇಳುತ್ತಿದ್ದರು: “ಊಟ ಕಡಿಮೆ ಮಾಡಿದ್ರಾ? ಏನಾದ್ರೂ ಬದಲಾಯ್ತಾ?”

“ಇಲ್ಲ ಮೇಡಂ. ಅದೇ ಸೂಪು, ಅದೇ ತೂಕ. ಅಕ್ಕ ಮಾಡೋದಕ್ಕಿಂತ ಸ್ವಲ್ಪ ತೆಳ್ಳಗಾಗಿತ್ತು, ಅಷ್ಟೇ.”

ಬಾಯಿ ತೆರೆದರೆ ಒಂದು ವಾಕ್ಯ ಸಾಕಿತ್ತು. ಡಾಕ್ಟರಮ್ಮ ನನ್ನ ಕಡೆ ತಿರುಗಿಯೂ ನೋಡಿದರು. ನಾನು ಅವನ ಹೊದಿಕೆ ಸರಿಮಾಡಿದೆ.

ಅಲ್ಲಿಗೆ ಮುಗಿದಿದ್ದರೆ ಏನೋ ಒಂದು. ಐದನೆಯ ದಿನ, ಅವನು ಮನೆಗೆ ಬಂದ ಮೇಲೆ, ಮೀನಿನವಳು ತಕ್ಕಡಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಒಂಬೈನೂರು ಗ್ರಾಂ ಇಟ್ಟರೆ ಅದು ಒಂದು ಕಿಲೋ ತೋರಿಸುತ್ತಿತ್ತು. ಇವನು ಬೆವರುತ್ತ ತಿರುಗಿಸಿದ ತಿರುಪು ಅದು.

“ಗಿರಾಕಿಗಳು ತೂಕ ಕಮ್ಮಿ ಅಂದ್ರು ಗುಂಜಿಯಣ್ಣ,” ಎಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. “ನಾಲ್ಕು ದಿನ ನಾನು ಎಲ್ಲರ ಜೊತೆ ಜಗಳ ಆಡ್ದೆ. ಗುಂಜಿಯಣ್ಣನ ಮುದ್ರೆ ಇದೆ, ತಪ್ಪಾಗೋ ಮಾತೇ ಇಲ್ಲ ಅಂದೆ. ಒಬ್ಬಳು ಮುದುಕಿಗೆ ಕಳ್ಳಿ ಅಂತ ಬೈದುಬಿಟ್ಟೆ.”

ತಮ್ಮ ಇಕ್ಕಳದಿಂದ ಆ ಮುದ್ರೆಯನ್ನು ಕತ್ತರಿಸಿದ. ತಕ್ಕಡಿ ಸರಿಮಾಡಿದ. ಹೊಸ ಮುದ್ರೆ ಒತ್ತಲಿಲ್ಲ. “ಬೇರೆಯವರ ಹತ್ತಿರ ಹಾಕಿಸ್ಕೊಳ್ಳಮ್ಮ,” ಎಂದ.

ಅವನ ಲೆಕ್ಕ ಸರಳವಾಗಿತ್ತು. ಯಂತ್ರ ಸರಿ, ಔಷಧಿ ಸರಿ, ತಕ್ಕಡಿ ಸರಿ, ಅಡುಗೆ ಅಕ್ಕನದು. ಉಳಿದದ್ದು ಅವನೊಬ್ಬನೇ. ತಿಂಗಳುಗಟ್ಟಲೆ ತಾನೇ ತೂಕ ತಪ್ಪು ಓದುತ್ತಿರಬೇಕು ಎಂದು ತೀರ್ಮಾನಿಸಿದ. ಕಣ್ಣಿನ ಡಾಕ್ಟರು ದೃಷ್ಟಿಗೆ ಏನೂ ಆಗಿಲ್ಲ ಎಂದರು. “ಹಾಗಾದ್ರೆ ತಲೆ ಸರಿ ಇಲ್ಲ,” ಎಂದ. ಸುಮ್ಮನೆ ಅನ್ನಲಿಲ್ಲ, ನಂಬಿ ಅಂದ. ತಕ್ಕಡಿ ರಿಪೇರಿಯ ಲೈಸೆನ್ಸ್ ವಾಪಸು ಕೊಟ್ಟ, ಓಣಿಯ ಕೋಣೆಯ ಬೀಗದ ಕೈ ಕೊಟ್ಟ. ಗ್ರಂಥಾಲಯದ ಬಾಗಿಲಲ್ಲಿ ಬಂದವರ ಚೀಲ ಇಸಿದುಕೊಂಡು ಬಿಲ್ಲೆ ಕೊಡುವ ಕೆಲಸಕ್ಕೆ ಸೇರಿದ. ಅಲ್ಲಿ ಯಾವ ಚೀಲದ ತೂಕ ಎಷ್ಟು ಎಂದು ಯಾರೂ ಕೇಳುವುದಿಲ್ಲ.

ನಾನು ಹಿಟ್ಟು ನಿಲ್ಲಿಸಿದ್ದೆ. ನಿಲ್ಲಿಸಲೇಬೇಕಿತ್ತಲ್ಲ. ಇನ್ಸುಲಿನ್ ಮತ್ತೆ ಎರಡಕ್ಕೆ ಇಳಿಯಿತು, ಅಂಕಿಗಳು ನೆಟ್ಟಗಾದವು. ಆದರೆ ಅಷ್ಟರಲ್ಲಿ ಅವನು ಒಂದು ಹೊಸ ಪದ್ಧತಿ ಮಾಡಿದ್ದ. ತಕ್ಕಡಿಯ ಮೇಲೆ ತಟ್ಟೆ ಇಟ್ಟು ಕೂಗುತ್ತಿದ್ದ: “ಅಕ್ಕ, ನೋಡು ಬಾ.” ನಾನು ಕೈ ಒರೆಸಿಕೊಂಡು ಬಂದು ಓದಬೇಕು. ನಾನು ಹೇಳಿದ್ದನ್ನೇ ಬರೆಯುತ್ತಿದ್ದ. “ನೋಡು, ನೀನು ಓದೋಕೆ ಶುರು ಮಾಡಿದ್ಮೇಲೆ ಒಂದು ದಿನಾನೂ ತಪ್ಪಿಲ್ಲ. ನಿನ್ನ ಕಣ್ಣು ಚಿನ್ನದ ಕಣ್ಣು,” ಅನ್ನುತ್ತಿದ್ದ. ಇಪ್ಪತ್ತಾರು ವರ್ಷ ಒಂದು ದಿನವೂ ತೂಗದವಳು ನಾನು. ಮೂವತ್ತೊಂದು ವರ್ಷ ತೂಗಿದವನಿಗೆ ನೂರ ಇಪ್ಪತ್ತು ಗ್ರಾಂ ಎಂದು ಓದಿ ಹೇಳುತ್ತಿದ್ದೆ. ಒಂಬತ್ತು ವರ್ಷ, ದಿನಕ್ಕೆ ಮೂರು ಹೊತ್ತು. ಪ್ರತಿ ಸಲವೂ ಹೇಳಿಬಿಡಬೇಕು ಅನ್ನಿಸುತ್ತಿತ್ತು. ಪ್ರತಿ ಸಲವೂ ಗ್ರಾಮಿನ ಅಂಕಿ ಹೇಳಿ ಒಲೆಯ ಮುಂದೆ ಹೋಗುತ್ತಿದ್ದೆ. ಹೇಳಿದರೆ ಈ ಕರೆಯುವುದು ನಿಂತುಹೋಗುತ್ತದೆ ಎಂಬ ಭಯವೂ ಇತ್ತು. ಅದನ್ನೂ ಮುಚ್ಚಿಡುವುದು ಬೇಡ.

ಕಳೆದ ವರ್ಷ ಒಂದು ಭಾನುವಾರ ಬೆಳಿಗ್ಗೆ ಮೀನಿನವಳು ಮತ್ತೆ ಬಂದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅಂಗಡಿಯನ್ನು ಸೊಸೆಗೆ ಬಿಡುತ್ತಿದ್ದಳು. ಹಳೆಯ ತಕ್ಕಡಿಯನ್ನು ಮೇಜಿನ ಮೇಲಿಟ್ಟು, “ಈಗ ಎಲ್ಲರೂ ಬ್ಯಾಟರಿದು ಇಟ್ಕೊಂಡಿದಾರೆ. ನನ್ನ ಸೊಸೆಗೆ ಇದನ್ನೇ ಕೊಡ್ಬೇಕು ಅಂತ ಆಸೆ. ನೀವು ಒಂದ್ಸಲ ಸರಿ ಮಾಡಿ, ನಿಮ್ಮ ಮುದ್ರೆ ಹಾಕಿಕೊಡಿ ಗುಂಜಿಯಣ್ಣ. ಕಾನೂನಿನ ಮುದ್ರೆ ಆಮೇಲೆ ಹಾಕಿಸ್ಕೋತೀನಿ,” ಎಂದಳು.

ಅವನು ತಕ್ಕಡಿಯ ಗಾಜಿನ ಮೇಲೆ ಬೆರಳು ಆಡಿಸಿದ. ಆ ಬೆರಳಿಗೆ ಎಷ್ಟು ಆಸೆಯಿತ್ತೆಂದು ನನಗೆ ಕಂಡಿತು. ಆಮೇಲೆ ಕೈ ಹಿಂದೆಗೆದುಕೊಂಡ.

“ನನ್ನ ಕೈ ನಂಬಬೇಡಮ್ಮ. ಒಂದ್ಸಲ ನಂಬಿ ನೀನು ಊರ ಜೊತೆ ಜಗಳ ಆಡಿದೀಯ.”

ಅವಳು ತಕ್ಕಡಿಯನ್ನು ಮತ್ತೆ ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ಅವಳು ಮೆಟ್ಟಿಲಿಳಿಯುವ ಸದ್ದು ನಿಂತ ಮೇಲೆ ನಾನು ನಿಂತಲ್ಲೇ ಹೇಳಿದೆ. ಟೈಲರಮ್ಮನ ಮಾತು, ಬೆಣ್ಣೆ, ಹಿಟ್ಟು, ಉಪ್ಪು ಎಂದ ಸುಳ್ಳು, ಆಸ್ಪತ್ರೆಯ ಹೊದಿಕೆ, ಎಲ್ಲ. ಬೈಯಲಿ, ತಟ್ಟೆ ಎಸೆಯಲಿ ಎಂದು ಕಾದೆ.

ಅವನು ಕೇಳಿದ: “ಎಷ್ಟು ಚಮಚ?”

“ಮೂರು.”

“ಮಟ್ಟ ಮಾಡಿದ್ದಾ, ಗೋಪುರವಾ?”

“ಗೋಪುರ.”

ಅವನು ಎದ್ದು ಡಬ್ಬಿಯಿಂದ ಮೈದಾ ತೆಗೆದು, ಗೋಪುರವಾಗಿ ಮೂರು ಚಮಚ ತಕ್ಕಡಿಗೆ ಹಾಕಿದ. ಒಂಬತ್ತು ವರ್ಷದಲ್ಲಿ ಮೊದಲ ಸಲ ತಾನೇ ಬಗ್ಗಿ ಓದಿದ. ಕಪಾಟಿನ ಮೇಲಿನಿಂದ ಆ ವರ್ಷದ ನೋಟುಪುಸ್ತಕ ಇಳಿಸಿ, ಪೆನ್ಸಿಲ್ ಹಿಡಿದು, ಹಿಟ್ಟಿಗೆ ಎಷ್ಟು ಸಕ್ಕರೆ, ಸಕ್ಕರೆಗೆ ಎಷ್ಟು ಯೂನಿಟ್ಟು ಎಂದು ಕೂಡಿದ. ಮತ್ತೊಮ್ಮೆ ಕೂಡಿದ.

“ಸರಿಯಾಗಿ ಬರುತ್ತೆ,” ಎಂದ. “ಮೂರು ಯೂನಿಟ್ಟು ಹೆಚ್ಚು. ಹಾಗಾದ್ರೆ ನಾನು ಒಂದು ದಿನಾನೂ ತಪ್ಪು ತೂಗಿರಲಿಲ್ಲ.”

“ಇಲ್ಲ ಕಣೋ.”

“ಆವತ್ತು ಪೇಟೇಲಿ ತಪ್ಪಿದ್ದೂ ಸಕ್ಕರೆ ಇಳಿದಿದ್ರಿಂದ.”

“ಹೌದು. ಈಗ್ಲಾದ್ರೂ ಅವಳನ್ನ ಕರೀಲಾ? ಇನ್ನೂ ತಿರುವಿನ ಹತ್ರ ಇರ್ತಾಳೆ. ಮುದ್ರೆ ಹಾಕಿಕೊಡು.”

ಅವನು ತನ್ನ ಬಲಗೈಯನ್ನು ಮೇಜಿನ ಮೇಲೆ ಚಾಚಿ ತೋರಿಸಿದ. ಅರವತ್ತೆರಡರ ಕೈ. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ನಾನು ದಿನವೂ ಅವನ ಮುಂದೆ ನಿಂತವಳು ಅದನ್ನು ಗಮನಿಸಿರಲಿಲ್ಲ.

“ಇದು ಎರಡು ವರ್ಷದಿಂದ,” ಎಂದ. ಹಿಟ್ಟನ್ನು ಮತ್ತೆ ಡಬ್ಬಿಗೆ ಸುರಿದು, ಚೆಲ್ಲಿದ್ದನ್ನು ಅಂಗೈಯಿಂದ ಒರೆಸಿ ತೆಗೆದ. ಆಮೇಲೆ ನನ್ನ ಮುಖ ನೋಡದೆ ಹೇಳಿದ: “ನನಗೆ ಆ ಕೆಲಸ ಅಂದ್ರೆ ತುಂಬಾ ಇಷ್ಟ ಇತ್ತು ಅಕ್ಕ.”

ಅಷ್ಟೇ. ಅದರ ಮೇಲೆ ಒಂದೇ ಒಂದು ಬಿರುಸು ಮಾತನ್ನೂ ಅವನು ಇವತ್ತಿನವರೆಗೆ ಆಡಿಲ್ಲ. ಆಡಿದ್ದರೆ ನಾನೂ ತಿರುಗಿ ಏನಾದರೂ ಅಂದು, ಅತ್ತು, ಹಗುರಾಗುತ್ತಿದ್ದೆ.

ಈಗ ಅವನ ಸೂಪು ಅವನೇ ಮಾಡಿಕೊಳ್ಳುತ್ತಾನೆ. ಎಲೆಕೋಸು ತೂಗುತ್ತಾನೆ, ಬಗ್ಗಿ ತಾನೇ ಓದುತ್ತಾನೆ, ತಾನೇ ಬರೆಯುತ್ತಾನೆ. ಅಂಕಿಗಳು ಮೊದಲಿನ ಹಾಗೇ ನೆಟ್ಟಗಿವೆ. ತಕ್ಕಡಿಯ ಮೇಲೆ ತಟ್ಟೆ ಇಡುವ ಸದ್ದಾದ ಕೂಡಲೇ ಅಭ್ಯಾಸಬಲದಿಂದ ನಾನು ಕೈ ಒರೆಸಿಕೊಳ್ಳುತ್ತೇನೆ. ಅವನು ಕರೆಯುವುದಿಲ್ಲ. ಆಮೇಲೆ ನನಗೂ ಒಂದು ಬಟ್ಟಲು ತಂದಿಡುತ್ತಾನೆ. ಸೂಪು ನೀರಾಗಿರುತ್ತದೆ. ನಾನು ಹಾಗೇ ಕುಡಿಯುತ್ತೇನೆ.